ಹ್ಯಾಲೋವೀನ್ ರಾತ್ರಿ, ಚಕ್ಕುಲಿ ಮತ್ತು ಮೂರು ಹೆದರಿಕೆಯ ಪಿಚ್ಚರ್

ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ಹ್ಯಾಲೋವೀನ್ ಸಂಜೆ ಎಂಟರ ತನಕ ಯಾರೂ ನೆಮ್ಮದಿಯಾಗಿ ಕೂತು ಪಿಚ್ಚರ್ ನೋಡೋಕಾಗಲ್ಲ. ಅಕ್ಟೋಬರ್ 31ರ ಆ ಸಂಜೆ ದೆವ್ವ ಭೂತದ ವೇಷ ಹಾಕಿದ ಮಕ್ಕಳು ಮನೆಮನೆಗೆ ಚಾಕೊಲೇಟ್ ಕೇಳಿಕೊಂಡು ಬರುತ್ತಾರೆ, ಐದು ನಿಮಿಷಕ್ಕೊಂದು ಬೆಲ್. ಎದ್ದು ಹೋಗಿ ಚಾಕೊಲೇಟ್ ಹಾಕಿ ಬಂದು ಕೂರುವಷ್ಟರಲ್ಲಿ ಇನ್ನೊಂದು ಗುಂಪು ಬಾಗಿಲಲ್ಲಿ. ಹಿಂದಿನ ವರ್ಷ ಆರು ಗಂಟೆಗೇ ಒಂದು ಗಂಭೀರ ಸಿನಿಮಾ ಹಾಕಿ ಕೆಟ್ಟಿದ್ದೆ, ಕೊಲೆ ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಈ ಸಲ ಯಾವ ಹೊತ್ತಿಗೆ ಯಾರು ಸೋಫಾ ಮೇಲೆ ಇರುತ್ತಾರೆ ಅಂತ ಲೆಕ್ಕ ಹಾಕಿ ಮೂರು ಆರಿಸಿದೆ. ಮನೆಯಲ್ಲಿ ಹನ್ನೊಂದು ಜನ: ಏಳು ವರ್ಷದ ಮಗಳು, ಅವಳ ಇಬ್ಬರು ಫ್ರೆಂಡ್ಸು, ಅವರ ಅಪ್ಪ ಅಮ್ಮಂದಿರು, ನಾವಿಬ್ಬರು, ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆ ಮಾವ.

ಮೊದಲು ಹಾಕಿದ್ದು ಕೋರಲೈನ್. 2009ರದು, ಬೊಂಬೆಗಳನ್ನು ಒಂದೊಂದೇ ಫ್ರೇಮಿಗೆ ಅಲ್ಲಾಡಿಸಿ ತೆಗೆದ ಸಿನಿಮಾ. ಮನೆಯೊಳಗೆ ಒಂದು ಪುಟ್ಟ ಬಾಗಿಲು, ಅದರಾಚೆ ಇನ್ನೊಬ್ಬ ಅಮ್ಮ. ಕೇಳಿದ್ದೆಲ್ಲ ಕೊಡುತ್ತಾಳೆ, ಆದರೆ ಕಣ್ಣಿನ ಜಾಗದಲ್ಲಿ ಬಟನ್. ಊಟದ ಟೇಬಲ್ಲಿನಲ್ಲಿ ಹುಡುಗಿ ಮಾವಿನ ಮಿಲ್ಕ್‌ಶೇಕ್ ಬೇಕು ಅಂದ ಕೂಡಲೇ ಮೇಲಿನ ದೀಪದ ಗೊಂಚಲು ಕೆಳಗಿಳಿದು ಲೋಟಕ್ಕೆ ಸುರಿಯುತ್ತದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅತ್ತೆ ಮಾತ್ರ ನನ್ನ ಕಡೆ ವಾಲಿ, "ಕೇಳಿದ ಕೂಡ್ಲೆ ಎಲ್ಲ ಮಾಡ್ಕೊಡೋಳು ಹೆತ್ತ ತಾಯಿ ಅಲ್ಲ ಮಾರಾಯ್ತಿ, ಇವಳೇ ದೆವ್ವ" ಅಂದರು. ಇಂಗ್ಲಿಷ್ ಅರ್ಧ ಅರ್ಥವಾಗದೇ ಇದ್ದರೂ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಂಡುಹಿಡಿದದ್ದು ಅವರೇ! ಬೆಲ್‌ಗೆ ಎದ್ದು ಹೋಗಿ ಬಂದರೂ ಕತೆ ಕೈತಪ್ಪುವುದಿಲ್ಲ. ಸೂಜಿ, ದಾರ, ಬಟನ್ ತಂದು ಮುಂದಿಡುವ ದೃಶ್ಯಕ್ಕೆ ಮಗಳು ಸೀದಾ ಅಜ್ಜಿಯ ಸೆರಗಿನೊಳಗೆ. ಆರಕ್ಕಿಂತ ಚಿಕ್ಕವರಿದ್ದರೆ ಬೇಡ. 5ಕ್ಕೆ 4.5.

ಕೋರಲೈನ್‌ಗೆ ಪಿಜಿ ಅಂತ, ಅಂದರೆ ಅಪ್ಪ ಅಮ್ಮ ನೋಡಿಕೊಂಡು ಮಕ್ಕಳಿಗೆ ತೋರಿಸಬಹುದು ಅಂತ, ಸರ್ಟಿಫಿಕೇಟ್ ಇದೆ, ಹಾಗಂತ ಪಿಜಿ ಅನ್ನೋದನ್ನು ನಂಬಿ ಸುಮ್ನೆ ಯಾವುದನ್ನೂ ಹಾಕಬೇಡಿ. ಹಳೇ ಸಿನಿಮಾ ಆದರಂತೂ ಹುಷಾರು. ಹದಿಮೂರಕ್ಕಿಂತ ಚಿಕ್ಕವರಿಗೆ ಸರಿಹೋಗದ್ದು ಇರಬಹುದು ಅಂತ ಎಚ್ಚರಿಸುವ ಪಿಜಿ-13 ಅನ್ನೋದು ಅಮೆರಿಕದಲ್ಲಿ ಬಂದಿದ್ದೇ 1984ರ ಜುಲೈನಲ್ಲಿ. ಅದಕ್ಕೆ ಮೊದಲಿನ ಪೋಲ್ಟರ್‌ಗೈಸ್ಟ್, ಗ್ರೆಮ್ಲಿನ್ಸ್ ಎರಡೂ ಪಿಜಿಯೇ. ಗ್ರೆಮ್ಲಿನ್ಸ್ ಮುದ್ದು ಪ್ರಾಣಿಯ ಕತೆ ಅಂತ ಶುರುವಾಗಿ, ಪುಂಡ ಪ್ರಾಣಿಯೊಂದು ಮೈಕ್ರೋವೇವ್‌ನಲ್ಲಿ ಸಿಡಿಯುವ ತನಕ ಹೋಗುತ್ತದೆ. ಅದೂ ಸಾಲದು ಅಂತ ಸಾಂಟಾ ಇಲ್ಲ ಅನ್ನೋ ಗುಟ್ಟನ್ನೂ ಒಂದು ಪಾತ್ರ ಬಾಯಿಬಿಡುತ್ತದೆ. ಡಿಸೆಂಬರ್ ಹಾಳಾಗುವುದು ಬೇಡ ಅಲ್ವಾ?

ಒಂಬತ್ತಕ್ಕೆ ಮಕ್ಕಳು ಮಹಡಿ ಮೇಲೆ ಮಲಗಿದರು. ಆಗ ಎ ಕ್ವೈಟ್ ಪ್ಲೇಸ್, 2018. ಒಂದೂವರೆ ಗಂಟೆ ಅಷ್ಟೇ. ಸದ್ದು ಮಾಡಿದವರನ್ನು ಬಂದು ಕೊಲ್ಲುವ ಪ್ರಾಣಿಗಳು, ಮರಳು ಹಾಸಿದ ದಾರಿಯಲ್ಲಿ ಬರಿಗಾಲಲ್ಲಿ ಓಡಾಡುವ ಒಂದು ಕುಟುಂಬ. ಊರಿಂದ ದೊಡ್ಡವರು ಬಂದಿದ್ದರೆ ಇದಕ್ಕಿಂತ ಒಳ್ಳೆಯದು ಸಿಗಲ್ಲ, ಯಾಕೆಂದರೆ ಮಾತೇ ಕಡಿಮೆ, ಹೆಚ್ಚಿನದೆಲ್ಲ ಕೈಸನ್ನೆ. ಮಾಮೂಲಿಯಾಗಿ ಎರಡು ನಿಮಿಷಕ್ಕೊಮ್ಮೆ "ಏನಂತೆ?" ಅಂತ ಕೇಳುವ ಮಾವ ಒಂದು ಸಲವೂ ಕೇಳಲಿಲ್ಲ.

ಎಡವಟ್ಟಾಗಿದ್ದು ಚಕ್ಕುಲಿಯಿಂದ. ಅತ್ತೆ ಮಧ್ಯಾಹ್ನವೇ ಕರಿದು ಡಬ್ಬಿ ತುಂಬಿಸಿಟ್ಟಿದ್ದರು. ಇಡೀ ಹಾಲ್ ಉಸಿರು ಬಿಗಿಹಿಡಿದಿರುವಾಗ ನನ್ನ ಗಂಡ ಕಟುಂ ಅಂತ ಕಡಿದ, ಎಲ್ಲರೂ ಒಟ್ಟಿಗೆ ಬೆಚ್ಚಿಬಿದ್ದೆವು. ಆಮೇಲೆ ಮಾವ ಬಾಯಿಗೆ ಹಾಕಿಕೊಂಡಿದ್ದ ಚೂರನ್ನು ಅಗಿಯಲೇ ಇಲ್ಲ, ಮೆತ್ತಗಾಗಲಿ ಅಂತ ಕಾದು ಕೂತರು. ಮೆಟ್ಟಿಲ ಮೇಲೆ ಮೊಳೆ ಎದ್ದು ನಿಂತಿರುವುದನ್ನು ತೋರಿಸುತ್ತಾರಲ್ಲ, ಅಲ್ಲಿಂದಾಚೆ ಡಬ್ಬಿ ಯಾರೂ ಮುಟ್ಟಲಿಲ್ಲ. ಬಾಳೆಹಣ್ಣು ಇಟ್ಟುಕೊಳ್ಳಿ. ಒಂದು ಮಾತು, ಶುರುವಿನಲ್ಲೇ ಮಗುವೊಂದಕ್ಕೆ ಕೆಟ್ಟದಾಗುತ್ತದೆ, ಮುಂದೆ ಹೆರಿಗೆಯ ದೃಶ್ಯವೂ ಇದೆ. ಬಸುರಿ ಗೆಳತಿ ಬರುವವಳಿದ್ದರೆ ಬೇರೆ ನೋಡಿ. ನನ್ನ ಕಡೆಯಿಂದ 5ಕ್ಕೆ 5.

ಹತ್ತೂಮುಕ್ಕಾಲಿಗೆ ಅತ್ತೆ ಎದ್ದರು. "ಇದೇನು ಮಹಾ, ನಾ ನಿನ್ನ ಬಿಡಲಾರೆ ನೋಡಿ ಬಂದ ಮೇಲೆ ನಾನು ವಾರಗಟ್ಲೆ ಒಬ್ಳೇ ಹಿತ್ಲಿಗೆ ಹೋಗಿರ್ಲಿಲ್ಲ" ಅಂದು ಮಲಗಲು ಹೋದರು. 1979ರ ಆ ಸಿನಿಮಾದಲ್ಲಿ ಮೈಮೇಲೆ ದೆವ್ವ ಬಂದ ಅನಂತನಾಗ್ ಅವರನ್ನು ನೋಡಿದವರಿಗೆ ಹಾಲಿವುಡ್ ಏನು ಲೆಕ್ಕ ಹೇಳಿ. ಮುಂದಿನ ಸಲ ಅದೇ ಹಾಕೋಣ ಅಂದಿದ್ದೇನೆ, ಹೇಗೂ ಮಾರನೇ ದಿನ ರಾಜ್ಯೋತ್ಸವ.

ಕೊನೆಯದು 1978ರ ಹ್ಯಾಲೋವೀನ್. ಅತ್ತೆ ಮಾವ ಮಲಗಿದ ಮೇಲೆಯೇ ಹಾಕಿ, ಅವರ ಪಕ್ಕ ಕೂತು ನೋಡೋಕಾಗದ ದೃಶ್ಯಗಳಿವೆ. ರಕ್ತ ನಾನು ಅಂದುಕೊಂಡದ್ದಕ್ಕಿಂತ ತುಂಬ ಕಡಿಮೆ. ಹೆದರಿಸುವುದೆಲ್ಲ ನಿರ್ದೇಶಕ ಜಾನ್ ಕಾರ್ಪೆಂಟರ್ ತಾವೇ ಕಟ್ಟಿದ ಆ ಪಿಯಾನೋ ಟ್ಯೂನು. ಆದರೆ ಮೊದಲರ್ಧ ನಿಧಾನ, ಅಷ್ಟು ಹೊತ್ತಿಗೆ ಹೊಟ್ಟೆ ತುಂಬಿ ಒಬ್ಬರು ಗೊರಕೆ ಹೊಡೆಯುತ್ತಿದ್ದರು. 5ಕ್ಕೆ 3, ಸಿನಿಮಾದ ತಪ್ಪಿಗಲ್ಲ, ಹೊತ್ತಿನ ತಪ್ಪಿಗೆ.

ಬೆಳಿಗ್ಗೆ ಗಂಡನ ಅಂಗಿಯ ಗುಂಡಿ ಕಿತ್ತುಹೋಗಿದ್ದು ನೋಡಿ ಅತ್ತೆ ಸೂಜಿ ದಾರ ತಗೊಂಡು ಕೂತರು. "ಪುಟ್ಟೀ, ಒಂದು ಕಪ್ಪು ಬಟನ್ ತಗೊಂಡು ಬಾರೇ" ಅಂದಿದ್ದೇ ತಡ, ಮಗಳು ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಂಡಳು.