ಫುಟ್‌ಬಾಲ್ ನೋಡಲು ಹೋಗುವುದು ವಾಡುಟ್ಸ್ ಪಂದ್ಯಕ್ಕೋ, ಅಂಡೋರಾ ಪಂದ್ಯಕ್ಕೋ?

ಸ್ವಿಟ್ಜರ್ಲೆಂಡಿನ ಪಕ್ಕದ ಪುಟ್ಟ ದೇಶ ಲಿಕ್ಟನ್‌ಸ್ಟೈನ್‌ಗೆ ಸ್ವಂತ ಲೀಗೇ ಇಲ್ಲ. ಹಾಗಾಗಿ ಅದರ ರಾಜಧಾನಿಯ ಕ್ಲಬ್ ಎಫ್‌ಸಿ ವಾಡುಟ್ಸ್ (ಸ್ಥಾಪನೆ 1932) ಆಡುವುದು ಸ್ವಿಸ್ ಲೀಗಿನಲ್ಲಿ. ಅಲ್ಲಿ ಎಷ್ಟೇ ಮೇಲೇರಿದರೂ ಯುರೋಪಿನ ಟೂರ್ನಿಗಳಿಗೆ ಅರ್ಹತೆ ಸಿಗದು. ಅದಕ್ಕೆ ತನ್ನ ದೇಶದ ಕಪ್ ಟೂರ್ನಿಯನ್ನೇ ಗೆಲ್ಲಬೇಕು. ಆ ದಾರಿಯಲ್ಲೇ 2022ರಲ್ಲಿ ಯುರೋಪಿನ ಮೂರನೇ ದರ್ಜೆಯ ಕ್ಲಬ್ ಟೂರ್ನಿಯಾದ ಕಾನ್ಫರೆನ್ಸ್ ಲೀಗಿನ ಗುಂಪು ಹಂತ ಮುಟ್ಟಿತು. ಆ ದೇಶದ ಬೇರೆ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ತಲುಪಿರಲಿಲ್ಲ, ದೊಡ್ಡ ಸಾಧನೆಯೇ ಸರಿ!

ಸ್ಪೇನ್–ಫ್ರಾನ್ಸ್ ನಡುವಿನ ಪುಟ್ಟ ದೇಶ ಅಂಡೋರಾಕ್ಕೆ ಸ್ವಂತ ಲೀಗ್ ಇದ್ದರೂ ಎಫ್‌ಸಿ ಅಂಡೋರಾ (1942) ಆಡುವುದು ಸ್ಪೇನಿನಲ್ಲಿ. 2018ರಲ್ಲಿ ಬಾರ್ಸಿಲೋನಾ ತಂಡದ ಆಟಗಾರರಾಗಿದ್ದ ಜೆರಾರ್ಡ್ ಪಿಕೆ ಅವರ ಕಂಪನಿ ಈ ಕ್ಲಬ್ಬನ್ನು ಕೊಂಡಿತು. 2022ರಲ್ಲಿ ತಂಡ ಸ್ಪೇನಿನ ಎರಡನೇ ಸ್ತರದ ಲೀಗಿಗೇರಿತು.

ಆಟದ ಮಟ್ಟ ಮುಖ್ಯವೆಂದರೆ ಅಂಡೋರಾ. ಪ್ರಯಾಣ ಸಲೀಸಾಗಬೇಕೆಂದರೆ ವಾಡುಟ್ಸ್: ಸ್ವಿಟ್ಜರ್ಲೆಂಡಿನ ಸಾರ್ಗನ್ಸ್‌ವರೆಗೆ ರೈಲು, ಮುಂದೆ ಬಸ್ಸು. ಅಂಡೋರಾ ಶೆಂಗೆನ್‌ನಲ್ಲಿಲ್ಲ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು ಅದು), ಭಾರತದ ಪಾಸ್‌ಪೋರ್ಟಿನವರು ಸಿಂಗಲ್ ಎಂಟ್ರಿ (ಒಂದೇ ಸಲ ಪ್ರವೇಶದ) ಶೆಂಗೆನ್ ವೀಸಾದಲ್ಲಿ ಅಂಡೋರಾ ಹೊಕ್ಕರೆ ಸ್ಪೇನಿಗೆ ವಾಪಸಾಗುವಂತಿಲ್ಲ. ಮಲ್ಟಿಪಲ್ ಎಂಟ್ರಿಯನ್ನೇ ಕೇಳಿ.