‘ಆಲ್ ಮೈ ಸನ್ಸ್’: ಸಿನಿಮಾನಾ, ರಂಗದ ಚಿತ್ರೀಕರಣವಾ?

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಬರೆದ ‘ಆಲ್ ಮೈ ಸನ್ಸ್’ ನಾಟಕವನ್ನು ಮನೆಯಲ್ಲೇ ಕೂತು ನೋಡಬೇಕು ಅಂತಿದ್ದರೆ 2010ರ ಲಂಡನ್ ಪ್ರಯೋಗದ ಚಿತ್ರೀಕರಣವನ್ನೇ ಹುಡುಕಿ. ಅಪೊಲೊ ಥಿಯೇಟರಿನಲ್ಲಿ ಹೋವರ್ಡ್ ಡೇವೀಸ್ ನಿರ್ದೇಶಿಸಿದ್ದು. ಡೇವಿಡ್ ಸೂಶೇ, ಜೋಯಿ ವಾನಮೇಕರ್ ಗಂಡ ಹೆಂಡತಿಯಾಗಿದ್ದಾರೆ. 1948ರ ಸಿನಿಮಾವನ್ನೂ ಲಂಡನ್ನಿನದೇ ಓಲ್ಡ್ ವಿಕ್ ರಂಗಮಂದಿರದ 2019ರ ಪ್ರಯೋಗವನ್ನೂ ದುಡ್ಡು ಕೊಟ್ಟೇ ನೋಡಿದ್ದೇನೆ. ಮತ್ತೆ ಮತ್ತೆ ಹಾಕಿಕೊಂಡು ನೋಡುವುದು ಮಾತ್ರ ಇದೊಂದನ್ನೇ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಜೋ ಕೆಲ್ಲರ್ ಕಾರ್ಖಾನೆ ಮಾಲೀಕ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅವನ ಕಾರ್ಖಾನೆಯಿಂದ ಬಿರುಕು ಬಿಟ್ಟ ಸಿಲಿಂಡರ್ ಹೆಡ್ ಎಂಬ ಎಂಜಿನ್ ಭಾಗಗಳು ಯುದ್ಧವಿಮಾನಗಳಿಗೆ ಹೋಗಿ 21 ಪೈಲಟ್‌ಗಳು ಸತ್ತರು. ಜೈಲು ಪಾಲಾದವನು ಜೊತೆಗಾರ ಸ್ಟೀವ್. ಜೋ ನಿರ್ದೋಷಿ ಅನ್ನಿಸಿಕೊಂಡು ಊರಿನಲ್ಲಿ ತಲೆಯೆತ್ತಿ ಓಡಾಡುತ್ತಿದ್ದಾನೆ. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಯುದ್ಧದಲ್ಲಿ ಕಾಣೆಯಾಗಿದ್ದಾನೆ. ಅವನು ಬಂದೇ ಬರುತ್ತಾನೆ ಅಂತ ತಾಯಿ ಕೇಟ್ ಹಟ ಹಿಡಿದಿದ್ದಾಳೆ. ಉಳಿದ ಮಗ ಕ್ರಿಸ್ ಮದುವೆಯಾಗಬೇಕೆಂದಿರುವುದು ಸ್ಟೀವ್‌ನ ಮಗಳು ಆನ್‌ಳನ್ನು, ಕಾಣೆಯಾದ ತಮ್ಮನನ್ನು ಹಿಂದೆ ಪ್ರೀತಿಸುತ್ತಿದ್ದವಳನ್ನು. ಓಹಿಯೋ ಕಡೆಯ ಇಂಥದೇ ಸುದ್ದಿಯೊಂದನ್ನು ಅತ್ತೆಯ ಬಾಯಲ್ಲಿ ಕೇಳಿ ಮಿಲ್ಲರ್ ಇದನ್ನು ಬರೆದರು. 1947ರಲ್ಲಿ ನ್ಯೂಯಾರ್ಕಿನ ರಂಗಕ್ಕೆ ತಂದವರು ಎಲಿಯಾ ಕಜಾನ್. ಯುದ್ಧ ಮುಗಿದು ಆಗಿನ್ನೂ ಎರಡು ವರ್ಷವೂ ಆಗಿರಲಿಲ್ಲ.

ಇಡೀ ನಾಟಕ ನಡೆಯುವುದು ಒಂದೇ ಹಿತ್ತಲಲ್ಲಿ. ನನ್ನ ಆಯ್ಕೆಗೆ ಮುಖ್ಯ ಕಾರಣವೂ ಆ ಹಿತ್ತಲೇ. ಇಲ್ಲಿ ಮಾತಾಡುವವನಷ್ಟೇ ಸುಮ್ಮನಿರುವವರನ್ನೂ ನೋಡುತ್ತಿರಬೇಕು. ಎರಡನೇ ಅಂಕವನ್ನೇ ತೆಗೆದುಕೊಳ್ಳಿ. ಆನ್‌ಳ ಅಣ್ಣ ಜಾರ್ಜ್ ಜೈಲಿನಲ್ಲಿ ಅಪ್ಪನನ್ನು ಕಂಡು ಸಿಟ್ಟಿನಿಂದ ಕುದಿಯುತ್ತಾ ಬಂದಿರುತ್ತಾನೆ. ಕೇಟ್ ಅವನಿಗೆ ದ್ರಾಕ್ಷಿ ಪಾನಕ ಕೊಟ್ಟು, ಎಷ್ಟು ಸೊರಗಿದ್ದೀಯಪ್ಪ ಅಂತ ಮರುಗಿ, ಹಳೆಯದನ್ನೆಲ್ಲ ನೆನಪಿಸಿ ಕರಗಿಸಿಬಿಡುತ್ತಾಳೆ. ಊಟಕ್ಕೆ ನಿಲ್ಲುತ್ತೇನೆ ಅನ್ನುವ ಮಟ್ಟಕ್ಕೆ ಹುಡುಗ ಮೆತ್ತಗಾಗುತ್ತಾನೆ. ಆಗ ಗಂಡನ ಆರೋಗ್ಯದ ಮಾತು ಬಂದು, ಹದಿನೈದು ವರ್ಷದಿಂದ ಇವರು ಹಾಸಿಗೆ ಹಿಡಿದಿದ್ದೇ ಇಲ್ಲ ಅಂತ ಕೇಟ್ ಹೆಮ್ಮೆಯಿಂದ ಹೇಳಿಬಿಡುತ್ತಾಳೆ. ಆದರೆ ಆ ಬಿರುಕು ಹೆಡ್‌ಗಳು ಹೊರಗೆ ಹೋದ ದಿನ ತನಗೆ ಫ್ಲೂ ಬಂದಿತ್ತು, ಕಾರ್ಖಾನೆಗೆ ಹೋಗಲಾಗಲಿಲ್ಲ ಅನ್ನುವುದೇ ಜೋನ ವಾದ. ಯುದ್ಧದ ಕಾಲದ ಆ ಫ್ಲೂ ಒಂದು ಬಿಟ್ಟು ಅಂತ ಜೋ ತಟ್ಟನೆ ಸೇರಿಸುತ್ತಾನೆ. ಕೇಟ್‌ಗೆ ಮೊದಲು ಹೊಳೆಯುವುದಿಲ್ಲ. ಹೊಳೆದ ಮೇಲೆ ಹೌದು ಹೌದು ಅಂತ ತೇಪೆ ಹಾಕುತ್ತಾಳೆ. ಅಷ್ಟರಲ್ಲಿ ಜಾರ್ಜ್‌ನ ಕಿವಿಗೆ ಬಿದ್ದಾಗಿದೆ.

ನನ್ನ ಮಟ್ಟಿಗೆ ನಾಟಕದ ಜೀವ ಇರುವುದು ಈ ನಾಲ್ಕು ಮಾತಿನಲ್ಲಿ. ವಾನಮೇಕರ್ ಇದನ್ನು ಎಷ್ಟು ಸಹಜವಾಗಿ ಆಡುತ್ತಾರೆಂದರೆ ಎದೆ ಧಸಕ್ ಅನ್ನುತ್ತದೆ. ಬಾಯಿ ಜಾರಿತು ಅನ್ನುವ ಸುಳಿವನ್ನೇ ಕೊಡದೆ, ಮನೆಯಾಕೆ ಗಂಡನ ಬಗ್ಗೆ ಹೇಳುವ ಹಾಗೆಯೇ ಹೇಳುತ್ತಾರೆ. ಅಲ್ಲಿಯವರೆಗೆ ನೆರೆಯ ಮಕ್ಕಳ ಜೊತೆ ಆಟವಾಡುತ್ತಾ, ಎಲ್ಲರಿಗೂ ಬೇಕಾದ ಹಿರಿಯನಾಗಿದ್ದ ಸೂಶೇ ಆ ಕ್ಷಣದಲ್ಲೂ ಗಲಿಬಿಲಿ ತೋರಿಸುವುದಿಲ್ಲ. ಅದೇ ಭಯ ಹುಟ್ಟಿಸುತ್ತದೆ.

2019ರ ಓಲ್ಡ್ ವಿಕ್ ಪ್ರಯೋಗದಲ್ಲಿ ನನಗೆ ತೊಡಕಾದದ್ದು ಇದೇ ಜಾಗದಲ್ಲಿ, ಅದೂ ನಟರಿಂದಲ್ಲ. ಜೆರೆಮಿ ಹೆರಿನ್ ನಿರ್ದೇಶನ. ಸ್ಯಾಲಿ ಫೀಲ್ಡ್, ಬಿಲ್ ಪುಲ್ಮನ್ ಮುಖ್ಯ ಪಾತ್ರದಲ್ಲಿದ್ದಾರೆ. ಪುಲ್ಮನ್ ಮಾತನ್ನು ಎಳೆದೆಳೆದು, ಅರ್ಧ ನುಂಗಿ ಆಡುತ್ತಾರೆ, ಹಾಗಾಗಿ ನನ್ನಂಥವರಿಗೆ ಸಬ್‌ಟೈಟಲ್ ಬೇಕೇ ಬೇಕು. ನನಗೆ ಸಿಕ್ಕ ಪ್ರತಿಯಲ್ಲಿ ಸಬ್‌ಟೈಟಲ್ ಮಾತಿಗಿಂತ ಮುಂಚೆಯೇ ಬಂದು ನಿಲ್ಲುತ್ತಿತ್ತು. ಮೊದಲ ಅಂಕದಲ್ಲಿ ಹೇಗೋ ಸಹಿಸಿಕೊಂಡೆ. ಜಾರ್ಜ್ ಬಂದ ಮೇಲೆ ಆಗಲಿಲ್ಲ. ಕೇಟ್ ಇನ್ನೂ ನಗುತ್ತಿದ್ದಾಳೆ, ಕೆಳಗೆ ‘ಹದಿನೈದು ವರ್ಷ’ ಇಂಗ್ಲಿಷಿನಲ್ಲಿ ಬಂದು ಕೂತಿದೆ. ಜೋ ಬಾಯಿ ತೆರೆಯುವ ಮೊದಲೇ ಫ್ಲೂ ಅನ್ನುವುದೂ ಬಂದಾಯಿತು. ಎರಡು ಸಾಲೂ ಒಟ್ಟಿಗೇ ಕಾಣಿಸಿದ್ದರಿಂದ ಜಾರಿದ್ದು ಯಾವುದು, ತೇಪೆ ಯಾವುದು ಅನ್ನುವ ಅಂತರವೇ ಅಳಿಸಿಹೋಯಿತು. ಗಂಡನಿಗೆ ಹೊಳೆದು ಹೆಂಡತಿಗೆ ಇನ್ನೂ ಹೊಳೆಯದ ಆ ಒಂದು ಉಸಿರಿನಷ್ಟು ಹೊತ್ತಿಗಾಗಿಯೇ ನಾನು ಈ ನಾಟಕ ನೋಡುವುದು.

ಹಿಂದೆ ಸರಿಸಿದೆ, ನಿಲ್ಲಿಸಿ ಮತ್ತೆ ಹಾಕಿದೆ, ಸೆಟ್ಟಿಂಗ್ಸ್ ಹುಡುಕಿದೆ. ಸಬ್‌ಟೈಟಲನ್ನು ತಡವಾಗಿಸುವ ಆಯ್ಕೆಯೇ ಅಲ್ಲಿರಲಿಲ್ಲ. ಸಹಾಯ ವಿಭಾಗಕ್ಕೆ ಬರೆದರೆ ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಅಂತ ಉತ್ತರ ಬಂತು. ಹಾಕಿಕೊಂಡೆ, ಹಾಗೆಯೇ ಇತ್ತು. ಕೊನೆಗೆ ಪೂರ್ತಿ ಆರಿಸಿ, ಇಯರ್‌ಫೋನ್ ಹಾಕಿಕೊಂಡು, ಅರ್ಥವಾಗದ ಕಡೆ ಪಠ್ಯ ತೆರೆದು ನೋಡಿದೆ. ಆಗ ಸ್ಯಾಲಿ ಫೀಲ್ಡ್ ಎಷ್ಟು ದೊಡ್ಡ ನಟಿ ಅಂತ ಗೊತ್ತಾಯಿತು. ಆಕೆಯ ಕೇಟ್‌ಗೆ ಎಲ್ಲವೂ ಗೊತ್ತು, ಗೊತ್ತಿದೆ ಅನ್ನುವುದನ್ನು ತನ್ನಿಂದಲೇ ಮುಚ್ಚಿಡುತ್ತಿದ್ದಾಳೆ. ಕ್ರಿಸ್ ಪಾತ್ರದ ಕಾಲಿನ್ ಮಾರ್ಗನ್ ಅಂತೂ 2010ರ ಕ್ರಿಸ್‌ಗಿಂತ ನನಗೆ ಹೆಚ್ಚು ಹಿಡಿಸಿದರು. ತನ್ನ ಕೈಕೆಳಗಿದ್ದ ಸೈನಿಕರು ಒಬ್ಬರಿಗಾಗಿ ಒಬ್ಬರು ಸತ್ತದ್ದನ್ನು ಹೇಳುವಾಗ, ಬದುಕಿ ಬಂದದ್ದೇ ತಪ್ಪು ಅನ್ನುವಂಥ ನಾಚಿಕೆ ಅವರ ದನಿಯಲ್ಲಿದೆ.

ಇನ್ನು ಸಿನಿಮಾ. ಎಡ್ವರ್ಡ್ ಜಿ. ರಾಬಿನ್ಸನ್ ಅಪ್ಪ, ಬರ್ಟ್ ಲ್ಯಾಂಕಾಸ್ಟರ್ ಮಗ. ರಾಬಿನ್ಸನ್ ಅಭಿನಯದ ಬಗ್ಗೆ ಎರಡು ಮಾತಿಲ್ಲ. ಆದರೆ ಸಿನಿಮಾ ಹಿತ್ತಲು ಬಿಟ್ಟು ಹೊರಗೆ ಹೋಗಿಬಿಡುತ್ತದೆ, ಜೈಲಿಗೂ ಹೋಗುತ್ತದೆ. ನಾಟಕದಲ್ಲಿ ಜೊತೆಗಾರ ರಂಗದ ಮೇಲೆ ಬರುವುದೇ ಇಲ್ಲ. ಅವನ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆತ್ತ ಮಗಳೇ ಅವನಿಗೊಂದು ಕಾಗದ ಬರೆದಿಲ್ಲ. ನಾವೂ ಜೋನ ಮಾತನ್ನು ನಂಬುತ್ತಾ, ಅವನ ಹಿತ್ತಲಿನ ನಗುವಿಗೆ ಸೇರಿಕೊಂಡಿರುತ್ತೇವೆ. ಜೈಲಿನಲ್ಲಿರುವವನ ಮುಖವನ್ನೇ ತೋರಿಸಿ ಅವನ ಬಾಯಲ್ಲೇ ಹೇಳಿಸಿದರೆ ನಮ್ಮ ಪಾಲಿನ ತಪ್ಪು ಕಳೆದುಹೋಗುತ್ತದೆ. ಇದು ನನಗೆ ಒಪ್ಪಿಗೆಯಾಗಲಿಲ್ಲ.

ಅಮೆರಿಕದ ಟಿವಿಗಾಗಿ 1987ರಲ್ಲಿ ಮಾಡಿದ, ಜೇಮ್ಸ್ ವಿಟ್‌ಮೋರ್ ಅವರದೂ ಒಂದಿದೆ, ಅಚ್ಚುಕಟ್ಟಾಗಿದೆ.

ನಾನು ನೋಡುವುದು ರಾತ್ರಿ ಎಲ್ಲರೂ ಮಲಗಿದ ಮೇಲೆ, ದಿನಕ್ಕೊಂದು ಅಂಕದಂತೆ. ಇಷ್ಟವಾದ ದೃಶ್ಯಕ್ಕೆ ತಿಂಗಳು ಬಿಟ್ಟು ಮರಳುವ ಅಭ್ಯಾಸ ಬೇರೆ. ಹಾಗಾಗಿ ಗಡುವಿನ ಬಾಡಿಗೆ ನನಗೆ ಒಗ್ಗುವುದಿಲ್ಲ, ತಿಂಗಳ ಚಂದಾಕ್ಕೆ ಕೈಯಲ್ಲಿ ಅಷ್ಟು ಓಡುವುದೂ ಇಲ್ಲ. ಒಮ್ಮೆ ಸ್ವಲ್ಪ ಹೆಚ್ಚೇ ಕೊಟ್ಟು 2010ರದ್ದನ್ನು ಇಟ್ಟುಕೊಂಡಿದ್ದೇನೆ. ಒಂದೇ ಸಲ ನೋಡಿ ಮುಗಿಸುವವರಿಗೆ, ಇಂಗ್ಲಿಷ್ ಮಾತು ಸಲೀಸಾಗಿ ಹಿಡಿಯುವವರಿಗೆ ಓಲ್ಡ್ ವಿಕ್‌ನದೂ ಆಗುತ್ತದೆ. ಯಾವುದನ್ನೇ ತೆಗೆದುಕೊಂಡರೂ ದುಡ್ಡು ಕೊಡುವ ಮುಂಚೆ ಮಾದರಿ ತುಣುಕಿದ್ದರೆ ಹಾಕಿ, ಸಬ್‌ಟೈಟಲ್ ತುಟಿಗೆ ಸರಿಯಾಗಿ ಬರುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಮುಂದೆ ಓಡುತ್ತಿದ್ದರೆ, ಜಾರ್ಜ್ ಹಿತ್ತಲಿಗೆ ಕಾಲಿಟ್ಟ ಕೂಡಲೇ ಅದನ್ನು ಆರಿಸಿಬಿಡಿ.