ಚೌಕಾಬಾರ ಸೆಟ್ ತರಿಸಿದೆ, ಬಟ್ಟೆಗೆ ಫುಲ್ ಮಾರ್ಕ್ಸು, ಕವಡೆಗೆ ಸೊನ್ನೆ

ಗೌರಿ ಹಬ್ಬಕ್ಕೆ ಅಮ್ಮ ಊರಿಂದ ಬರ್ತಾಳೆ, ಮಗಳಿಗೂ ಫೋನ್ ಬಿಟ್ಟು ಬೇರೆ ಏನಾದ್ರೂ ಹಿಡಿಸೋಣ ಅಂತ ಆನ್‌ಲೈನಲ್ಲಿ ಒಂದು ಚೌಕಾಬಾರ ಸೆಟ್ ತರಿಸಿದ್ದೆ. ಕವಡೆ ಎಸೆದು, ಬಿದ್ದಷ್ಟು ಮನೆ ಕಾಯಿ ನಡೆಸೋ ಆಟ. 899 ರೂಪಾಯಿ. ಕಂಪನಿ ಹೆಸರು ಹೇಳಲ್ಲ, ಇಂಥ ಸೆಟ್ ಮಾರೋರು ಈಗ ಸುಮಾರು ಜನ ಇದಾರೆ, ತಗೊಳೋ ಮುಂಚೆ ಏನ್ ನೋಡ್ಬೇಕು ಅಂತ ಗೊತ್ತಾಗ್ಲಿ ಅಂತ ಬರೀತಿದೀನಿ ಅಷ್ಟೆ.

ಮೊದ್ಲು ಬಟ್ಟೆ. ಚೆನ್ನಾಗಿದೆ, ಸುಳ್ಳು ಹೇಳ್ಬಾರ್ದು. ದಪ್ಪ ಕಾಟನ್, ಐದು ಇಂಟು ಐದು ಮನೆ, ನಾಲ್ಕು ಕಡೆ ಕಟ್ಟೆಗೆ (ಅಲ್ಲಿರೋ ಕಾಯಿನ ಯಾರೂ ಹೊಡೆಯೋ ಹಾಗಿಲ್ಲ) ಅಡ್ಡ ಗೆರೆ, ಮಧ್ಯದಲ್ಲಿ ಒಂದು ಕಮಲ. ಎರಡನೇ ದಿನವೇ ಅದರ ಮೇಲೆ ಕಾಫಿ ಚೆಲ್ಲಿ ಒಗೆದಾಯ್ತು, ಬಣ್ಣ ಬಿಟ್ಟಿಲ್ಲ. ಕಾಯಿಗಳು ಮರದವು, ನೋಡಕ್ಕೆ ಲಕ್ಷಣವಾಗಿವೆ ಆದ್ರೆ ಕೆಂಪಿಗೂ ಕೇಸರಿಗೂ ಸಂಜೆ ಹೊತ್ತು ವ್ಯತ್ಯಾಸವೇ ಗೊತ್ತಾಗಲ್ಲ, ನನ್ನ ಕಾಯಿ ಅಂದ್ಕೊಂಡು ಹೆಂಡ್ತಿ ಕಾಯಿ ನಡೆಸಿ ಬೈಸ್ಕೊಂಡಿದೀನಿ. ನಮ್ಮಮ್ಮ "ನಾವು ಬಳೆ ಚೂರಲ್ಲಿ ಆಡ್ತಿದ್ವಿ, ಯಾವತ್ತೂ ಗೊಂದಲ ಆಗಿಲ್ಲ" ಅಂದ್ಲು.

ಈಗ ಕವಡೆ ವಿಷಯ. ಇದೇ ದೊಡ್ಡ ತಕರಾರು. ಆಟ ಶುರು ಮಾಡಿದ್ವಿ, ಮಗಳು ಗರ ಹಾಕಿದ್ಲು (ನಾಲ್ಕು ಕವಡೆ ಎಸೆಯೋದೇ ಗರ), ಚೌಕ, ಅಂದ್ರೆ ನಾಲ್ಕೂ ಬಾಯಿ ಮೇಲೆ. ಇನ್ನೊಂದ್ಸಲ ಹಾಕಿದ್ಲು, ಮತ್ತೆ ಚೌಕ. ಆಮೇಲೆ ಮೂರು. ನನ್ನ ಸರದಿ ಬಂತು, ನನಗೂ ಚೌಕ. ಚೌಕ ಬಿದ್ರೆ ಇನ್ನೊಂದು ಗರ ಸಿಗುತ್ತಲ್ಲ, ಹಂಗಾಗಿ ಒಬ್ರು ಹಾಕ್ತಾನೇ ಇರೋದು ಉಳಿದವರು ಬಾಯಿ ಬಿಟ್ಕೊಂಡು ನೋಡ್ತಾ ಕೂರೋದು. ಅಮ್ಮ ಒಂದು ಕವಡೆ ಎತ್ತಿ ತಿರುಗಿಸಿ ನೋಡಿ ನಕ್ಕಳು. ಬೆನ್ನು ಉಜ್ಜಿಬಿಟ್ಟಿದಾರೆ! ಹಾರಕ್ಕೆ, ಚೀಲಕ್ಕೆ ಹೊಲಿಯೋ ಕವಡೆ ಇರತ್ತಲ್ಲ, ಉಬ್ಬಿದ ಬೆನ್ನು ಕೊಯ್ದು ಚಪ್ಪಟೆ ಮಾಡಿರ್ತಾರಲ್ಲ, ಅದನ್ನೇ ತಂದು ಚೀಲಕ್ಕೆ ತುಂಬಿ ಕೊಟ್ಟಿದಾರೆ. ಬೆನ್ನು ಚಪ್ಪಟೆ ಆದ್ಮೇಲೆ ಅದು ಬಾಯಿ ಮೇಲೆ ಮಾಡ್ಕೊಂಡೇ ಮಲಗೋದು. ನಾಲ್ಕೂ ಬೋರಲು ಬೀಳೋ ಭಾರ ಅಂತೂ ಆ ಸಂಜೆ ಒಂದ್ಸಲನೂ ಬೀಳ್ಲಿಲ್ಲ.

ಅಮ್ಮ ಅಡುಗೆಮನೆಗೆ ಹೋಗಿ ಕವಡೆ ಬದಲಿಗೆ ಹುಣಸೆಹಣ್ಣಿನ ಡಬ್ಬದಿಂದ ನಾಲ್ಕು ಬೀಜ ತಂದ್ಲು. ನಮ್ಮನೆ ಟೈಲ್ಸ್ ಮೇಲೆ ಎಷ್ಟು ಉಜ್ಜಿದ್ರೂ ಸವೀಲಿಲ್ಲ, ಟೆರೇಸಿಗೆ ಹೋಗಿ ಸಿಮೆಂಟ್ ನೆಲದ ಮೇಲೆ ಒಂದು ಕಡೆ ಬೆಳ್ಳಗಾಗೋ ತನಕ ಉಜ್ಜಿದ್ವಿ. ಉಜ್ಜಿ ಬಿಸಿಯಾದ ಬೀಜನ ಮಗಳ ಕೈಗೆ ಚುರುಕ್ ಅನ್ನಿಸಿದ್ದೂ ಆಯ್ತು, ಅವಳು ಕಿರುಚಿದ್ದೂ ಆಯ್ತು.

ಬೀಜದಲ್ಲಿ ಲೆಕ್ಕ ಎಷ್ಟು ಚೆನ್ನಾಗಿ ಕೂರತ್ತೆ ನೋಡಿ. ಎರಡೂ ಕಡೆ ಸಮವಾಗಿ ಬೀಳತ್ತೆ ಅಂತ ಇಟ್ಕೊಂಡ್ರೆ ನಾಲ್ಕು ಬೀಜಕ್ಕೆ ಒಟ್ಟು 16 ಥರ. ಅದ್ರಲ್ಲಿ ಎರಡು ಬೀಳೋದು 6 ಥರ, ಒಂದು ಮತ್ತೆ ಮೂರು ತಲಾ 4, ಎಲ್ಲಾ ಬಿಳಿ ಬಿದ್ದು ಚೌಕ ಆಗೋದು ಒಂದೇ ಥರ, ಎಲ್ಲಾ ಕಪ್ಪು ಬಿದ್ದು ಭಾರ ಅಂದ್ರೆ ಎಂಟು ಆಗೋದೂ ಒಂದೇ ಥರ. ಲೂಡೋ ದಾಳದಲ್ಲಿ ಒಂದರಿಂದ ಆರರ ತನಕ ಎಲ್ಲಾ ಬೀಳೋ ಸಾಧ್ಯತೆನೂ ಒಂದೇ, ಇಲ್ಲಿ ಹಂಗಲ್ಲ. ನಿಮ್ಮ ಕಾಯಿಗೂ ಹಿಂದಿನವನ ಕಾಯಿಗೂ ಎರಡು ಮನೆ ಅಂತರ ಇದ್ರೆ ಅದು ತುಂಬಾ ಡೇಂಜರ್, ನಾಲ್ಕು ಮನೆ ಇದ್ರೆ ಸ್ವಲ್ಪ ಉಸಿರಾಡಬಹುದು. ನಮ್ಮಮ್ಮ ಈ ಲೆಕ್ಕ ಯಾವತ್ತೂ ಓದಿಲ್ಲ, ಆದ್ರೆ ಅವಳು ಯಾರ ಕಾಯಿಗೂ ಎರಡು ಮನೆ ಮುಂದೆ ನಿಲ್ಲಲ್ಲ, ಕಣ್ಣಾರೆ ನೋಡಿದೆ.

ಜೊತೆಗೆ ಬಂದಿರೋ ನಿಯಮದ ಚೀಟಿ ಬರೀ ಇಂಗ್ಲಿಷಲ್ಲಿದೆ, ಅದ್ರಲ್ಲೂ ಮುಖ್ಯವಾದದ್ದೇ ಬಿಟ್ಟಿದಾರೆ. ಬೇರೆಯವರ ಒಂದು ಕಾಯಿನಾದ್ರೂ ಹೊಡೀದೆ ಒಳಸುತ್ತಿಗೆ, ಅಂದ್ರೆ ಒಳಗಿನ ಸಾಲಿನ ಮನೆಗಳಿಗೆ, ಹೋಗೋ ಹಾಗಿಲ್ಲ ಅನ್ನೋದು! ಅದಿಲ್ಲದೆ ಆಡಿದ್ರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಹೆದರ್ಕೊಂಡು ಹಾರ್ತಾ ಹೋಗ್ತಾರೆ, ಆಟ ಸಪ್ಪೆ. "ಹೊಡೀದೆ ಒಳಗೆ ಹೆಂಗೆ ಹೋಗ್ತೀಯೋ, ಸುತ್ತುತಾ ಇರು" ಅಂತ ಅಮ್ಮ ನನ್ನ ಕಾಯಿನ ಮತ್ತೆ ಹೊರಗೇ ತಳ್ಳಿದ್ಲು. ಗಟ್ಟಿ ಬಗ್ಗೆನೂ ಚೀಟಿಯಲ್ಲಿ ಒಂದಕ್ಷರ ಇಲ್ಲ. ನಮ್ಮನೆಯಲ್ಲಿ ಒಂದೇ ಮನೇಲಿ ಎರಡು ಕಾಯಿ ಕೂತ್ರೆ ಗಟ್ಟಿ, ಅದನ್ನ ಇನ್ನೊಂದು ಗಟ್ಟಿ ಮಾತ್ರ ಹೊಡೀಬಹುದು. ನಿಮ್ಮನೇಲಿ ಬೇರೆ ಥರ ಇರಬಹುದು, ಜಗಳ ಬೇಡ.

ಲೂಡೋ ಆಡಿ ಬೆಳೆದ ಮಗಳಿಗೆ ಶಾಕ್ ಆಗಿದ್ದು ಒಳಸುತ್ತಲ್ಲಿ. ಲೂಡೋದಲ್ಲಿ ಕೊನೇ ದಾರಿ ಅವರವರ ಬಣ್ಣದ್ದು, ಅಲ್ಲಿಗೆ ಹೋದ್ರೆ ಯಾರೂ ಮುಟ್ಟಲ್ಲ. ನಮ್ಮ ದೇಶದ ಪಚ್ಚೀಸಿ ಥರದ ಆಟನ ಇಂಗ್ಲೆಂಡಿನವರು ಸರಳ ಮಾಡಿ 1896ರಲ್ಲಿ ಪೇಟೆಂಟ್ ತಗೊಂಡಿದ್ದು ಆ ಲೂಡೋ. ಚೌಕಾಬಾರದಲ್ಲಿ ಒಳಗಿನ ಎಂಟು ಮನೆ ಎಲ್ಲರಿಗೂ ಸೇರಿದ್ದು, ಒಂದೂ ಕಟ್ಟೆ ಇಲ್ಲ, ದಿಕ್ಕೂ ಉಲ್ಟಾ. ಒಂದು ಕಾಯಿ ಹಣ್ಣಾಗಕ್ಕೆ, ಅಂದ್ರೆ ಮಧ್ಯದ ಮನೆ ಸೇರಕ್ಕೆ, ಬೇಕಿರೋದು ಒಟ್ಟು 24 ಹೆಜ್ಜೆ, ಹೊರಗೆ 15, ಒಳಗೆ 8, ಆಮೇಲೆ ಮಧ್ಯಕ್ಕೆ ಒಂದು. ಮಗಳ ಕಾಯಿ 23ರಲ್ಲಿ ನಿಂತು ಒಂದು ಬಿದ್ರೆ ಸಾಕು ಅಂತ ಕಾಯ್ತಿತ್ತು, ಅಜ್ಜಿ ಮೂರು ಹಾಕಿ ಹೊಡೆದುಬಿಟ್ಲು. ಮಗಳು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಹತ್ತು ನಿಮಿಷ ಬಿಟ್ಟು ಬಂದು "ಇನ್ನೊಂದಾಟ" ಅಂದ್ಲು.

ಡಬ್ಬದ ಮೇಲೆ "5000 ವರ್ಷ ಹಳೆಯ ಆಟ" ಅಂತ ಬರೆದಿರೋದು ಮಾತ್ರ ಸುಮ್ನೆ ಬಿಲ್ಡಪ್ಪು. ಹಂಪಿಗೆ ಹೋದವರು ಕಲ್ಲಿನ ನೆಲದ ಮೇಲೆ ಆಟದ ಮನೆ ಗೀರಿರೋದು ನೋಡಿರ್ತೀರಿ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳ ಹುಚ್ಚು ಎಷ್ಟಿತ್ತು ಅಂದ್ರೆ ಅವರ ಶ್ರೀತತ್ತ್ವನಿಧಿ ಅನ್ನೋ ಗ್ರಂಥದಲ್ಲಿ ಆಟಗಳಿಗೆ ಅಂತ ಕೌತುಕನಿಧಿ ಅನ್ನೋ ಒಂದು ಭಾಗನೇ ಇದೆ. ಇದನ್ನ ಬರೆದಿದ್ರೆ ಸಾಕಿತ್ತಪ್ಪ, ಮಹಾಭಾರತದ ತನಕ ಯಾಕೆ ಎಳೀಬೇಕು.

ಕವಡೆ ವಾಪಸ್ ತಗೊಳಿ ಅಂತ ಮೆಸೇಜ್ ಮಾಡಿದೆ, "ಇದು ನೈಸರ್ಗಿಕ ವಸ್ತು, ಸಣ್ಣಪುಟ್ಟ ವ್ಯತ್ಯಾಸ ಸಹಜ" ಅಂತ ಉತ್ತರ ಬಂತು. ನೈಸರ್ಗಿಕವಾಗಿ ಬೆನ್ನು ಕೊಯ್ಕೊಂಡು ಹುಟ್ಟಿದ ಕವಡೆ ಇರಬೇಕು. ಮಗಳು ಅದನ್ನ ದಾರಕ್ಕೆ ಪೋಣಿಸಿ ಮಣ್ಣಿನ ಬಸವನ ಕುತ್ತಿಗೆಗೆ ಹಾಕಿದಾಳೆ, ಚೆನ್ನಾಗೇ ಕಾಣ್ಸತ್ತೆ.

ತಗೊಳೋರು ಬೆನ್ನು ಉಬ್ಬಿರೋ ಕವಡೆನಾ ಅಂತ ಕೇಳಿ ತಗೊಳಿ. ಅಮ್ಮ ಊರಿಗೆ ಹೊರಟಾಗ ಬಟ್ಟೆ ಮಡಚಿ ಬ್ಯಾಗಿಗೆ ಹಾಕ್ಕೊಂಡು ಹೋದ್ಲು, ಅಲ್ಲಿ ಅವಳ ಅಕ್ಕನ ಜೊತೆ ಆಡ್ಬೇಕಂತೆ. ಬೀಜ ನಮ್ಮ ಹತ್ರನೇ ಇದೆ, ಸಂಜೆ ಟೆರೇಸಲ್ಲಿ ಸೀಮೆಸುಣ್ಣದಲ್ಲಿ ಮನೆ ಬರ್ಕೊಂಡು ಆಡ್ತಿದೀವಿ.